ಹಳೆಯ ಅಂಬಾಸಿಡರ್‌ಗೆ ಯಾವ ಸ್ಪಾರ್ಕ್ ಪ್ಲಗ್? ಕಲಬುರಗಿಯಿಂದ ಒಂದು ಹೋಲಿಕೆ

ಕಲಬುರಗಿಯ ಬಿಡಿಭಾಗಗಳ ಅಂಗಡಿಗೆ ಹೋಗಿ ಅಂಬಾಸಿಡರ್‌ಗೆ ಸ್ಪಾರ್ಕ್ ಪ್ಲಗ್ ಬೇಕು ಎಂದರೆ ಗಲ್ಲೆಯ ಮೇಲೆ ಕುಳಿತವರಿಂದ ಮೊದಲು ಬರುವ ಮಾತು ‘ಪೆಟ್ರೋಲ್ ಗಾಡಿ ಇನ್ನಾ ಅದ ಏನ್ರಿ?’ ಎಂಬುದು. ಅವರ ಅಚ್ಚರಿ ಸಹಜವೇ ಆಗಿದೆ. ನಮ್ಮ ಭಾಗದಲ್ಲಿ ಟ್ಯಾಕ್ಸಿಯಾಗಿ ಓಡಿದ ಅಂಬಾಸಿಡರ್‌ಗಳಲ್ಲಿ ಬಹಳಷ್ಟು ಡೀಸೆಲ್ ಗಾಡಿಗಳು. ಪೆಟ್ರೋಲಿಗೆ ಕಿಡಿ ಕೊಟ್ಟು ಹೊತ್ತಿಸುವ ಸ್ಪಾರ್ಕ್ ಪ್ಲಗ್ಗಿನ ಗೊಡವೆಯೇ ಡೀಸೆಲ್ ಎಂಜಿನ್ನಿಗೆ ಇಲ್ಲ. ಪೆಟ್ರೋಲ್ ಎಂಬುದು ಖಚಿತವಾದ ಮೇಲೆ ಮೇಜಿನ ಮೇಲೆ ನಾಲ್ಕು ಬಗೆಯ ಡಬ್ಬಿಗಳು ಬಂದು ಕೂರುತ್ತವೆ: ಸಾದಾ ನಿಕಲ್ ಪ್ಲಗ್, ಅದೇ ಪ್ಲಗ್ಗಿನ ಒಳಗೆ ರೆಸಿಸ್ಟರ್ (ವಿದ್ಯುತ್ತಿಗೆ ಒಡ್ಡುವ ತಡೆ) ಇರುವುದು, ಇರಿಡಿಯಂ, ಮತ್ತು ತುದಿಯಲ್ಲಿ ಮೂರು ಕಡ್ಡಿಗಳಿರುವುದು. ಬೆಲೆಯಲ್ಲಿ ಒಂದಕ್ಕೂ ಇನ್ನೊಂದಕ್ಕೂ ಹಲವು ಪಟ್ಟು ಅಂತರ. ದುಬಾರಿಯದೇ ಒಳ್ಳೆಯದು ಎಂದು ತೆಗೆದುಕೊಂಡು ಬರುವವರೂ ಇದ್ದಾರೆ, ಎಲ್ಲವೂ ಒಂದೇ ಎಂದು ಅಗ್ಗದ್ದನ್ನು ತರುವವರೂ ಇದ್ದಾರೆ. ಇಬ್ಬರೂ ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಮೊದಲು ಕೇಳುತ್ತಿದ್ದಾರೆ ಎಂಬುದು, 1974ರ ಮಾರ್ಕ್ ಟೂ ಅಂಬಾಸಿಡರ್ ಒಂದನ್ನು ವರ್ಷಗಳಿಂದ ಸಾಕಿಕೊಂಡು ಬಂದಿರುವ ನನ್ನ ಅಭಿಪ್ರಾಯ. ಉದ್ದ, ಶಾಖದ ಅಂಕಿ, ತುದಿಯ ಆಕಾರ, ರೆಸಿಸ್ಟರ್ ಇವು ತೀರ್ಮಾನವಾದ ಮೇಲೆ ಲೋಹದ ಮಾತು ಬರಬೇಕು.

ಉದ್ದದಿಂದ ಪ್ರಾರಂಭಿಸೋಣ, ಏಕೆಂದರೆ ಇಲ್ಲಿ ತಪ್ಪಿದರೆ ಎಂಜಿನ್ನೇ ಹಾಳಾಗುತ್ತದೆ. ನಮ್ಮ ಹಳೆಯ ಕಾರುಗಳಲ್ಲಿ ಹೆಚ್ಚಿನವುಗಳ ಪ್ಲಗ್ 14 ಮಿಲಿಮೀಟರ್ ದಪ್ಪದ್ದೇ ಆಗಿರುತ್ತದೆ. ಆದ್ದರಿಂದ ಕೈಯಿಂದ ತಿರುಗಿಸಿದಾಗ ಎಲ್ಲವೂ ಎಲ್ಲದರೊಳಗೂ ಸಲೀಸಾಗಿ ಹೋಗುತ್ತವೆ. ಮೋಸವಿರುವುದು ಅಲ್ಲಿಯೇ. ದಪ್ಪ ಒಂದೇ ಆದರೂ ಮರೆಯ, ಎಂದರೆ ತಿರುಪಿನ ಸುತ್ತುಗಳಿರುವ, ಭಾಗದ ಉದ್ದ, ಅಂದರೆ ಮಿಸ್ತ್ರಿಗಳು ಚೂಡಿ ಎನ್ನುವ ಭಾಗದ ಉದ್ದ, 9.5 ಮಿಲಿಮೀಟರ್ ಇರಬಹುದು, 12.7 ಇರಬಹುದು, 19 ಇರಬಹುದು. 1489 ಸಿಸಿಯ ಅಂಬಾಸಿಡರ್ ಪೆಟ್ರೋಲ್ ಎಂಜಿನ್, ಅಂದರೆ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂಲಕ ನಮಗೆ ಬಂದ ಬಿಎಂಸಿ ಬಿ-ಸೀರೀಸ್ ಎಂಜಿನ್, ಕೇಳುವುದು 19 ಮಿಲಿಮೀಟರ್ ಉದ್ದವನ್ನು. ಹಳೆಯ ಪೆಟ್ರೋಲ್ ವಿಲ್ಲಿಸ್ ಜೀಪಿಗೆ ಬೇಕಾದದ್ದು ಅದರ ಅರ್ಧದಷ್ಟು, 9.5 ಮಿಲಿಮೀಟರ್. ಜೀಪಿಗೆ ಅಂಬಾಸಿಡರ್‌ನ ಪ್ಲಗ್ ಹಾಕಿದರೆ ತುದಿ ದಹನದ ಕೋಣೆಯೊಳಗೆ ಚಾಚಿಕೊಂಡು ಪಿಸ್ಟನ್‌ಗೋ ವಾಲ್ವ್‌ಗೋ ತಾಗುವ ಅಪಾಯವಿದೆ. ಅಂಬಾಸಿಡರ್‌ಗೆ ಗಿಡ್ಡ ಪ್ಲಗ್ ಹಾಕಿದರೆ ಗಾಡಿ ಚಾಲೂ ಆಗುತ್ತದೆ, ಆದರೆ ಕಿಡಿ ತೂತಿನ ಒಳಗೇ ಹಾರಿ ಪಿಕಪ್ ಕುಗ್ಗುತ್ತದೆ. ಖಾಲಿ ಉಳಿದ ಮರೆಗಳಲ್ಲಿ ಕರಿ ತುಂಬಿಕೊಂಡು ಮುಂದೆ ಸರಿಯಾದ ಪ್ಲಗ್ ಹಾಕಲು ಹೋದಾಗ ಅದು ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ.

ಪ್ರೀಮಿಯರ್ ಪದ್ಮಿನಿ ಇರುವವರು ಇನ್ನೊಂದು ವಿಷಯವನ್ನು ನೆನಪಿಡಬೇಕು. ಅಂಬಾಸಿಡರ್‌ನ ಹೆಡ್, ಅಂದರೆ ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂತು ಪ್ಲಗ್ಗನ್ನು ಹಿಡಿದಿರುವ ಭಾಗ, ಬೀಡುಕಬ್ಬಿಣದ್ದು, ಒರಟುತನವನ್ನು ಸ್ವಲ್ಪ ಸಹಿಸಿಕೊಳ್ಳುತ್ತದೆ. ಫಿಯೆಟ್ 1100ರ ವಂಶದ ಪದ್ಮಿನಿಯದು ಅಲ್ಯೂಮಿನಿಯಂ ಹೆಡ್. ಬಿಸಿ ಇರುವಾಗ ಪ್ಲಗ್ ಬಿಚ್ಚಿದರೆ ಅಥವಾ ಉದ್ದ ಪಾನಾ ಹಾಕಿ ಬಲವಾಗಿ ಬಿಗಿದರೆ ಮರೆ ಕಿತ್ತು ಬರುತ್ತದೆ. ಎಂಜಿನ್ ಪೂರ್ತಿ ಆರಿದ ಮೇಲೆಯೇ ಅದರ ಪ್ಲಗ್ಗಿಗೆ ಕೈ ಹಾಕಬೇಕು. ಯಾವ ಗಾಡಿಯೇ ಆಗಲಿ, ಅಂಗಡಿಗೆ ಹೋಗುವಾಗ ಬಿಚ್ಚಿದ ಹಳೆಯ ಪ್ಲಗ್ಗನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗುವುದು ಉತ್ತಮ. ಆದರೆ ಹಳೆಯದನ್ನು ಹಾಕಿದವರೇ ತಪ್ಪಿರಬಹುದಾದ್ದರಿಂದ, ಒಂದು ತೆಳು ತಂತಿಯ ತುದಿಯನ್ನು ಕೊಂಡಿಯಂತೆ ಬಗ್ಗಿಸಿ ಹೆಡ್ಡಿನ ತೂತಿನಲ್ಲಿ ಇಳಿಸಿ, ಮರೆ ಮುಗಿಯುವ ಅಂಚಿಗೆ ಸಿಕ್ಕಿಸಿ, ಉದ್ದವನ್ನು ಒಮ್ಮೆ ತಾವೇ ಅಳೆದುಕೊಳ್ಳುವುದು ಇನ್ನೂ ಉತ್ತಮ. ಕೂರುವ ಜಾಗ ಚಪ್ಪಟೆಯಾಗಿದ್ದು ವಾಷರ್ ಬೇಡುವ ಪ್ಲಗ್ಗೋ, ಇಳಿಜಾರಾಗಿದ್ದು ವಾಷರ್ ಬೇಡದ್ದೋ ಎಂಬುದನ್ನೂ ಅದೇ ಹೊತ್ತಿಗೆ ನೋಡಿಕೊಳ್ಳಬಹುದು. ಅಂಬಾಸಿಡರ್‌ನದು ವಾಷರ್ ಇರುವ ಬಗೆ.

ಇನ್ನು ಶಾಖದ ಅಂಕಿ. ನಮ್ಮ ಜಿಲ್ಲೆಗಳಲ್ಲಿ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಇದರ ಬಗ್ಗೆಯೇ. ಪ್ಲಗ್ಗಿನ ತುದಿಯಲ್ಲಿ ಕಾಣುವ ಬಿಳಿಯ ಪಿಂಗಾಣಿಯ ಮೂತಿ ಉದ್ದವಾಗಿದ್ದರೆ ಅದರ ಶಾಖ ಹೆಡ್ಡಿನ ಕಡೆಗೆ ಹರಿದುಹೋಗಲು ದೂರದ ದಾರಿ ಹಿಡಿಯಬೇಕಾಗುತ್ತದೆ, ಆದ್ದರಿಂದ ತುದಿ ಬಿಸಿಯಾಗಿ ಉಳಿಯುತ್ತದೆ. ಇದು ಬಿಸಿ ಪ್ಲಗ್. ಮೂತಿ ಗಿಡ್ಡವಾಗಿದ್ದರೆ ಶಾಖ ಬೇಗ ಹೊರಗೆ ಹೋಗುತ್ತದೆ. ಇದು ತಂಪು ಪ್ಲಗ್. ಕಿಡಿಯ ಬಲಕ್ಕೂ ಈ ಮಾತಿಗೂ ಸಂಬಂಧವಿಲ್ಲ. ತುದಿಯ ಉಷ್ಣತೆ ಸುಮಾರು 450ರಿಂದ 500 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಮೇಲೆ ಕೂತ ಮಸಿ ತಾನೇ ಉರಿದುಹೋಗುತ್ತದೆ. ಅದು 850ರ ಆಸುಪಾಸನ್ನು ದಾಟಿದರೆ ಕಿಡಿ ಬರುವ ಮೊದಲೇ ಕೆಂಡದಂತಿರುವ ತುದಿ ಪೆಟ್ರೋಲಿಗೆ ಬೆಂಕಿ ಹಚ್ಚುತ್ತದೆ, ಪಿಸ್ಟನ್ ತೂತಾಗುವುದೂ ಇದರಿಂದಲೇ. ಸರಿಯಾದ ಅಂಕಿಯೆಂದರೆ ನಾವು ಓಡಿಸುವ ರೀತಿಗೆ ಈ ಎರಡು ಗೆರೆಗಳ ನಡುವೆ ನಿಲ್ಲುವ ಅಂಕಿ. ಒಂದು ಅಂಕಿ ಆಚೀಚೆಯಾದರೆ ತುದಿಯ ಉಷ್ಣತೆ ಸುಮಾರು 70ರಿಂದ 100 ಡಿಗ್ರಿ ಬದಲಾಗುತ್ತದೆ.

‘ನಮ್ಮ ಕಡೆ ಬಿಸಿಲು ಜಾಸ್ತಿ, ಹಾಗಾಗಿ ತಂಪು ಪ್ಲಗ್ ಹಾಕಬೇಕು’ ಎಂಬ ವಾದವನ್ನು ನಾನೂ ಒಮ್ಮೆ ನಂಬಿದ್ದೆ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟಿದಾಗ ಒಂದು ಅಂಕಿ ತಂಪಾದ ಪ್ಲಗ್ಗುಗಳನ್ನು ಹಾಕಿಸಿದೆ. ಹುಮನಾಬಾದ್ ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವಾಗ ಗಾಡಿ ಏನೂ ತಕರಾರು ಮಾಡಲಿಲ್ಲ. ಊರೊಳಗೆ ಬಸ್ ನಿಲ್ದಾಣದಿಂದ ಮಾರುಕಟ್ಟೆಗೆ, ಮಾರುಕಟ್ಟೆಯಿಂದ ಮನೆಗೆ ಎಂಬ ತಿರುಗಾಟವೇ ಹೆಚ್ಚಾದಾಗ ನಡುನಡುವೆ ಕಿಡಿ ತಪ್ಪುವ ಮಿಸ್ಸಿಂಗ್ ಶುರುವಾಯಿತು; ಚಳಿಗಾಲದ ಒಂದು ಬೆಳಗ್ಗೆ ಬೀದರ್‌ನಲ್ಲಿ ಚೋಕ್ ಎಳೆದು ಚಾಲೂ ಮಾಡಲು ಹೋದಾಗ ನಾಲ್ಕೂ ಪ್ಲಗ್ಗುಗಳು ಕಾಡಿಗೆ ಡಬ್ಬಿಯಲ್ಲಿ ಅದ್ದಿ ತೆಗೆದಂತೆ ಕಪ್ಪಾಗಿದ್ದವು. ತಪ್ಪು ಕಾರ್ಬ್ಯುರೇಟರಿನದೆಂದು ಭಾವಿಸಿ ಅದನ್ನು ಎರಡು ಸಲ ಬಿಚ್ಚಿಸಿದ್ದು ದಂಡವೇ ಆಯಿತು. ಸಿಲಿಂಡರಿನ ಒಳಗೆ ಉರಿಯುವ ಅನಿಲದ ಉಷ್ಣತೆ 2000 ಡಿಗ್ರಿಯನ್ನು ದಾಟುತ್ತದೆ. ಅದರ ಮುಂದೆ ಹೊರಗಿನ ಗಾಳಿ 25 ಡಿಗ್ರಿಯೋ 43 ಡಿಗ್ರಿಯೋ ಎಂಬುದು ಪ್ಲಗ್ಗಿಗೆ ದೊಡ್ಡ ವಿಷಯವಲ್ಲ. ಪ್ಲಗ್ಗನ್ನು ನಿಜವಾಗಿ ಕಾಯಿಸುವುದು ಹೊರೆ ಮತ್ತು ವೇಗ. ಬೇಸಿಗೆಯ ಮಧ್ಯಾಹ್ನ ಅಂಬಾಸಿಡರ್ ನಡುದಾರಿಯಲ್ಲಿ ನಿಂತು, ಅರ್ಧ ಗಂಟೆ ನೆರಳಿನಲ್ಲಿ ಬಿಟ್ಟ ಮೇಲೆ ಏನೂ ಆಗಿಲ್ಲವೆಂಬಂತೆ ಚಾಲೂ ಆಗುವುದಕ್ಕೆ ಸಾಮಾನ್ಯವಾಗಿ ಕಾರಣ ಪಂಪಿನಲ್ಲಿ ಪೆಟ್ರೋಲ್ ಆವಿಯಾಗಿ ಕಟ್ಟಿಕೊಳ್ಳುವುದು. ಅದಕ್ಕೆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವ ಹಳೆಯ ಡ್ರೈವರ್‌ಗಳ ಉಪಾಯವೇ ಸರಿ, ಪ್ಲಗ್ ಬದಲಿಸುವುದಲ್ಲ.

ಅಂಕಿಯನ್ನು ಓದುವುದರಲ್ಲಿಯೂ ಒಂದು ತೊಡಕಿದೆ. ಎನ್‌ಜಿಕೆ ಮತ್ತು ಡೆನ್ಸೋ ಪ್ಲಗ್ಗುಗಳಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ ತಂಪು. ಬಾಷ್ ಮತ್ತು ಚಾಂಪಿಯನ್‌ಗಳಲ್ಲಿ ಅಂಕಿ ದೊಡ್ಡದಾದಷ್ಟೂ ಬಿಸಿ. ಹೀಗಾಗಿ ಎನ್‌ಜಿಕೆಯ ಬಿಪಿ6ಇಎಸ್, ಬಾಷ್‌ನ ಡಬ್ಲ್ಯೂ7ಡಿಸಿ, ಚಾಂಪಿಯನ್‌ನ ಎನ್9ವೈ, ಡೆನ್ಸೋದ ಡಬ್ಲ್ಯೂ20ಇಪಿ-ಯು ಈ ನಾಲ್ಕೂ ಹೆಚ್ಚುಕಡಿಮೆ ಒಂದೇ ಕೆಲಸದ ಪ್ಲಗ್ಗುಗಳು. ಇದಕ್ಕಿಂತ ಒಂದು ಮೆಟ್ಟಿಲು ಬಿಸಿಯಾದದ್ದು ಬೇಕಾದರೆ ಎನ್‌ಜಿಕೆಯಲ್ಲಿ ಬಿಪಿ5ಇಎಸ್ ಎಂದು ಒಂದು ಅಂಕಿ ಇಳಿಯಬೇಕು, ಬಾಷ್‌ನಲ್ಲಿ ಡಬ್ಲ್ಯೂ8ಡಿಸಿ ಎಂದು ಒಂದು ಅಂಕಿ ಏರಬೇಕು. ನಮ್ಮ ಮನೆಗಳ ಅಟ್ಟದಲ್ಲಿ ಇಂದಿಗೂ ಸಿಗುವ ಮೈಕೋ ಪ್ಲಗ್ಗುಗಳು ಈ ಗೊಂದಲವನ್ನು ಮತ್ತಷ್ಟು ಹೆಚ್ಚಿಸುತ್ತವೆ. 1951ರಲ್ಲಿ ಶುರುವಾಗಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಆ ಕಂಪನಿಯ ಹಳೆಯ ಡಬ್ಬಿಗಳ ಮೇಲೆ 145, 175, 225 ಎಂಬ ಮೂರಂಕಿಯ ಸಂಖ್ಯೆಗಳಿರುತ್ತವೆ. ಆ ಹಳೆಯ ಪದ್ಧತಿಯಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಪ್ಲಗ್ ತಂಪು. ಅಂದರೆ ಒಂದೇ ಮನೆತನದ ಹಳೆಯ ಪದ್ಧತಿಯೂ ಹೊಸ ಪದ್ಧತಿಯೂ ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತಿವೆ. ಹಳೆಯ 175 ಇಂದಿನ 7ಕ್ಕೆ ಸಮ ಎಂಬುದೊಂದು ನೆನಪಿದ್ದರೆ ಉಳಿದದ್ದನ್ನು ಲೆಕ್ಕ ಹಾಕಿಕೊಳ್ಳಬಹುದು.

ಅಂಬಾಸಿಡರ್‌ನ ಮಟ್ಟಿಗೆ 5 ಬೇಕೋ 6 ಬೇಕೋ ಎಂಬುದೇ ನಿಜವಾದ ಆಯ್ಕೆ. ಈ ಎಂಜಿನ್ನಿನ ಕಂಪ್ರೆಶನ್ ಕಡಿಮೆ, ಉಸಿರಾಟ ನಿಧಾನ. ಊರೊಳಗಷ್ಟೇ ತಿರುಗುವ, ಸ್ವಲ್ಪ ಆಯಿಲ್ ಕುಡಿಯುವ, ಪಿಸ್ಟನ್ನಿನ ರಿಂಗ್ ಸವೆದ ಗಾಡಿಗೆ ಎನ್‌ಜಿಕೆ ಲೆಕ್ಕದ 5 ಹೆಚ್ಚು ದಿನ ಶುಭ್ರವಾಗಿ ನಡೆಯುತ್ತದೆ. ಬೋರ್ ಮಾಡಿಸಿ ಎಂಜಿನ್ ಬಿಗಿಯಾಗಿರುವ, ನಾಲ್ಕೈದು ಜನ ಕುಳಿತು ಜೇವರ್ಗಿ ದಾಟಿ ಶಹಾಪುರದವರೆಗೆ ನಿಲ್ಲದೆ ಓಡುವ ಗಾಡಿಗೆ 6 ಸರಿ. ಸಂದೇಹವಿದ್ದರೆ 6ನ್ನೇ ಹಾಕಿ ನೋಡಬೇಕು. ಹೆಚ್ಚು ತಂಪಾದ ಪ್ಲಗ್ ತೊಂದರೆ ಕೊಟ್ಟರೆ ಮಸಿ ಹಿಡಿಯುತ್ತದೆ ಅಷ್ಟೇ, ಹೆಚ್ಚು ಬಿಸಿಯಾದದ್ದು ತೊಂದರೆ ಕೊಟ್ಟರೆ ಪಿಸ್ಟನ್ ಹೋಗುತ್ತದೆ. ಆಯಿಲ್ ಕುಡಿಯುವ ಎಂಜಿನ್ನಿಗೆ ಬಿಸಿ ಪ್ಲಗ್ ಹಾಕುವುದು ಕೂಡ ರಿಂಗಿನ ಖರ್ಚನ್ನು ಮುಂದೂಡುವ ಉಪಾಯವೇ ಹೊರತು ರೋಗಕ್ಕೆ ಮದ್ದಲ್ಲ.

ಬಿಚ್ಚಿದ ಪ್ಲಗ್ಗಿನ ಬಣ್ಣವನ್ನು ಓದಿ ಅಂಕಿ ತೀರ್ಮಾನಿಸುವವರು ಎರಡು ಬದಲಾವಣೆಗಳನ್ನು ಗಮನಕ್ಕೆ ತಂದುಕೊಳ್ಳಬೇಕು. ಹಳೆಯ ಗ್ಯಾರೇಜುಗಳ ಗೋಡೆಯ ಮೇಲಿನ ಬಣ್ಣದ ಚಾರ್ಟುಗಳು ಸೀಸ ಬೆರೆತ ಪೆಟ್ರೋಲಿನ ಕಾಲದವು. 2000ದಲ್ಲಿ ದೇಶದಲ್ಲಿ ಆ ಪೆಟ್ರೋಲ್ ನಿಂತ ಮೇಲೆ, ಎಲ್ಲವೂ ಸರಿಯಿದ್ದರೂ ಪಿಂಗಾಣಿ ಮೊದಲಿನಷ್ಟು ಕಂದಾಗದೆ ತಿಳಿಯಾಗಿಯೇ ಕಾಣುತ್ತದೆ. ಎರಡನೆಯದಾಗಿ, ಈಗ ಪಂಪುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಎಥನಾಲ್ ತನ್ನೊಳಗೇ ಆಮ್ಲಜನಕವನ್ನು ಹೊತ್ತು ತರುವುದರಿಂದ, ಶುದ್ಧ ಪೆಟ್ರೋಲಿಗೆಂದು ಜೆಟ್ (ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ತುಂಡು) ಕೂರಿಸಿದ ಕಾರ್ಬ್ಯುರೇಟರಿನಲ್ಲಿ ಮಿಶ್ರಣ ತೆಳುವಾಗುತ್ತದೆ, ಪ್ಲಗ್ಗಿನ ಮೂತಿ ಬಿಳಿಚುತ್ತದೆ. ಆಧುನಿಕ ಕಾರಿನ ಕಂಪ್ಯೂಟರ್ ಇದನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ನಮ್ಮ ಗಾಡಿಗೆ ಆ ಬುದ್ಧಿಯಿಲ್ಲ. ಮೂತಿ ಸುಣ್ಣದಂತೆ ಬೆಳ್ಳಗಿದ್ದು ಅದರ ಮೇಲೆ ಸಣ್ಣ ಹೊಳೆಯುವ ಕಾಳುಗಳು ಕಂಡರೆ ಮೊದಲು ಜೆಟ್ಟನ್ನು ಮತ್ತು ಟೈಮಿಂಗನ್ನು, ಅಂದರೆ ಕಿಡಿ ಹಾರುವ ಹೊತ್ತನ್ನು, ನೋಡಿಸಬೇಕು, ಆಮೇಲೆ ಪ್ಲಗ್ಗಿನ ಅಂಕಿಯನ್ನು. ಬಿ-ಸೀರೀಸ್ ಹೆಡ್ಡಿನಲ್ಲಿ 1 ಮತ್ತು 2ನೇ ಸಿಲಿಂಡರುಗಳು ಗಾಳಿ-ಪೆಟ್ರೋಲ್ ಬರುವ ಒಂದು ದಾರಿಯನ್ನೂ, 3 ಮತ್ತು 4 ಇನ್ನೊಂದು ದಾರಿಯನ್ನೂ ಹಂಚಿಕೊಳ್ಳುತ್ತವೆ. ನಡುವಿನ ಎರಡು ಸಿಲಿಂಡರುಗಳ ಹೊಗೆಯ ದಾರಿಯೂ ಒಂದೇ. ಆದ್ದರಿಂದ ನಾಲ್ಕೂ ಪ್ಲಗ್ಗುಗಳು ಒಂದೇ ಬಣ್ಣಕ್ಕೆ ಬರಲೇಬೇಕೆಂದು ಹಟ ಹಿಡಿಯಬೇಕಾಗಿಲ್ಲ. ಒಂದು ಮಾತ್ರ ಉಳಿದ ಮೂರಕ್ಕಿಂತ ತೀರ ಬೇರೆಯಾಗಿದ್ದರೆ ಚಿಂತಿಸಬೇಕು.

ತುದಿಯ ಆಕಾರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎನ್‌ಜಿಕೆ ಹೆಸರಿನಲ್ಲಿ ‘ಪಿ’ ಅಕ್ಷರವಿದ್ದರೆ ಪಿಂಗಾಣಿ ಮತ್ತು ಎಲೆಕ್ಟ್ರೋಡ್ (ಕಿಡಿ ಹಾರುವ ಲೋಹದ ಕಡ್ಡಿ) ಹೊರಕ್ಕೆ ಚಾಚಿಕೊಂಡಿವೆ ಎಂದರ್ಥ. ಚಾಚಿದ ತುದಿ ನಿಧಾನದ ಓಟದಲ್ಲಿ ಬೇಗ ಬಿಸಿಯಾಗಿ ಮಸಿಯನ್ನು ಸುಡುತ್ತದೆ, ವೇಗದ ಓಟದಲ್ಲಿ ಒಳಬರುವ ತಂಪು ಮಿಶ್ರಣ ಅದನ್ನು ಆರಿಸುತ್ತದೆ. ಜಾಗವಿರುವ ಎಂಜಿನ್ನಿಗೆ ಇದು ಎಲ್ಲ ರೀತಿಯಿಂದಲೂ ಲಾಭ. ಅಂಬಾಸಿಡರ್‌ನಲ್ಲಿ ಜಾಗವಿದೆ.

ರೆಸಿಸ್ಟರ್ ಇರುವ ಪ್ಲಗ್ಗಿನ ಹೆಸರಿನಲ್ಲಿ ‘ಆರ್’ ಸೇರಿಕೊಳ್ಳುತ್ತದೆ: ಬಿಪಿಆರ್6ಇಎಸ್, ಡಬ್ಲ್ಯೂಆರ್7ಡಿಸಿ. ಒಳಗಿರುವ ಸುಮಾರು 5,000 ಓಮ್‌ನ ತಡೆ, ಕಿಡಿಯಿಂದ ಏಳುವ ರೇಡಿಯೋ ಗದ್ದಲವನ್ನು ಅಡಗಿಸುತ್ತದೆ. ಪಾಯಿಂಟ್ ಸೆಟ್ (ಕಿಡಿಯ ಹೊತ್ತಿಗೆ ವಿದ್ಯುತ್ತನ್ನು ಕಡಿಯುವ ಸಣ್ಣ ಸ್ವಿಚ್ಚು), ಕಿಡಿಗೆ ವೋಲ್ಟೇಜ್ ಏರಿಸುವ ಹಳೆಯ ಕಾಯಿಲ್, ತಾಮ್ರದ ಎಳೆಯ ವೈರುಗಳು ಇರುವ ಮೂಲ ಸ್ಥಿತಿಯ ಗಾಡಿಗೆ ಇದರ ಅಗತ್ಯವಿಲ್ಲ. ಹಾಕಿದರೆ ಗಾಡಿ ಓಡುವುದಿಲ್ಲ ಎಂದು ಕೆಲವರು ಹೆದರಿಸುವುದೂ ಸರಿಯಲ್ಲ, ಬಿಡಿಯಾಗಿ ವ್ಯತ್ಯಾಸ ಕಾಣುವುದೇ ಕಷ್ಟ. ಆದರೆ ವೈರೂ ರೆಸಿಸ್ಟರಿನದು, ಕ್ಯಾಪೂ ರೆಸಿಸ್ಟರಿನದು, ಪ್ಲಗ್ಗೂ ರೆಸಿಸ್ಟರಿನದು ಎಂದು ಮೂರೂ ಸೇರಿದರೆ ದುರ್ಬಲ ಕಾಯಿಲ್‌ನ ಕಿಡಿ ಸೊರಗುತ್ತದೆ. ಪಾಯಿಂಟನ್ನು ಕಿತ್ತು ಎಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸಿದವರಿಗೆ ಲೆಕ್ಕ ತಿರುಗುತ್ತದೆ: ಆ ಗದ್ದಲ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನೇ ಗಲಿಬಿಲಿಗೊಳಿಸಬಹುದಾದ್ದರಿಂದ ‘ಆರ್’ ಇರುವುದನ್ನೇ ತೆಗೆದುಕೊಳ್ಳಬೇಕು. ಈಚೆಗೆ ಅಂಗಡಿಯಲ್ಲಿ ‘ಆರ್’ ಇಲ್ಲದ್ದಕ್ಕಿಂತ ಇರುವುದೇ ಸುಲಭವಾಗಿ ಸಿಗುವುದರಿಂದ, ಸಿಕ್ಕಿದ್ದನ್ನು ತರುವುದರಲ್ಲಿ ತಪ್ಪೇನೂ ಇಲ್ಲ.

ಈಗ ಲೋಹ. ‘ಕಾಪರ್ ಪ್ಲಗ್’ ಎಂದು ಮಾರುವುದರ ಒಳತಿರುಳು ಮಾತ್ರ ತಾಮ್ರ. ಕಿಡಿ ಹಾರುವ ಮೇಲ್ಮೈ ನಿಕಲ್ ಮಿಶ್ರಲೋಹದ್ದು, ನಡುವಿನ ಎಲೆಕ್ಟ್ರೋಡಿನ ದಪ್ಪ ಸುಮಾರು 2.5 ಮಿಲಿಮೀಟರ್. ಇರಿಡಿಯಂ 2,400 ಡಿಗ್ರಿಗೂ ಮೇಲೆ ಕರಗುವ ಗಟ್ಟಿ ಲೋಹವಾದ್ದರಿಂದ ತುದಿಯನ್ನು 0.4 ಅಥವಾ 0.6 ಮಿಲಿಮೀಟರಿನಷ್ಟು ಸಣ್ಣದಾಗಿ ಮಾಡಿದರೂ ಬೇಗ ಸವೆಯುವುದಿಲ್ಲ. ಚೂಪಾದ ತುದಿಯಿಂದ ಕಡಿಮೆ ವೋಲ್ಟೇಜಿನಲ್ಲಿಯೇ ಕಿಡಿ ಹಾರುತ್ತದೆ. ಪ್ಲಾಟಿನಂ ಈ ಎರಡರ ನಡುವಿನದು. ಕಾಗದದ ಮೇಲೆ ಇರಿಡಿಯಂ ಗೆದ್ದಂತೆ ಕಾಣುತ್ತದೆ. ಹಳೆಯ ಕಾರಿನ ಬದುಕು ಬೇರೆ. ನನ್ನ ಗಾಡಿ ವರ್ಷಕ್ಕೆ ಎರಡು ಸಾವಿರ ಕಿಲೋಮೀಟರ್ ಓಡಿದರೆ ಹೆಚ್ಚು. ಸಾದಾ ಪ್ಲಗ್ಗಿನ 15,000 ಕಿಲೋಮೀಟರ್ ಆಯುಷ್ಯವೇ ನನಗೆ ಏಳು ವರ್ಷವಾಗುತ್ತದೆ. ಅಷ್ಟರೊಳಗೆ ಪ್ಲಗ್ ಕೆಡುವುದು ಸವೆತದಿಂದಲ್ಲ, ಮಸಿ ಮತ್ತು ಆಯಿಲ್‌ನಿಂದ. ಮಸಿ ಇರಿಡಿಯಂ, ನಿಕಲ್ ಎಂದು ಭೇದ ಮಾಡುವುದಿಲ್ಲ. ಸಾದಾ ಪ್ಲಗ್ಗನ್ನು ಪೆಟ್ರೋಲಿನಲ್ಲಿ ಅದ್ದಿ ಉಜ್ಜಿ, ಎಲೆಕ್ಟ್ರೋಡಿನ ಅಂಚನ್ನು ಸಣ್ಣ ಅರದಿಂದ ಚೌಕವಾಗಿ ತೀಡಿ ಮತ್ತೆ ಹಾಕಬಹುದು. ಇರಿಡಿಯಂನ ಸೂಜಿ ತುದಿಗೆ ಬ್ರಶ್ ಮುಟ್ಟಿಸುವಂತಿಲ್ಲ. ಹಾಗಾಗಿ ಪಾಯಿಂಟ್ ಸೆಟ್ ಇರುವ ಮೂಲ ಅಂಬಾಸಿಡರ್‌ಗೂ ಪದ್ಮಿನಿಗೂ ನನ್ನ ಆಯ್ಕೆ ಸಾದಾ ನಿಕಲ್ ಪ್ಲಗ್. ಇರಿಡಿಯಂಗೆ ಕೊಡುವ ಹೆಚ್ಚಿನ ಹಣದಲ್ಲಿ ಹೊಸ ಕಂಡೆನ್ಸರ್, ರೋಟರ್, ಡಿಸ್ಟ್ರಿಬ್ಯೂಟರ್ ಕ್ಯಾಪ್ ಕೊಂಡರೆ ಗಾಡಿಯಲ್ಲಿ ಕಾಣುವ ಬದಲಾವಣೆ ಹೆಚ್ಚು.

ಒಂದು ವಿನಾಯಿತಿ ಇದೆ. ಹಳೆಯ ಪೆಟ್ರೋಲ್ ಗಾಡಿಗೆ ಎಲ್‌ಪಿಜಿ ಕಿಟ್ ಹಾಕಿಸಿಕೊಂಡವರ ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಅಂಥವರು ಗ್ಯಾಪನ್ನು, ಅಂದರೆ ಕಿಡಿ ಹಾರುವ ಸಂದಿಯನ್ನು, ಒಂದಿಷ್ಟು ಕಡಿಮೆ ಮಾಡಿ, ಅಂಕಿಯನ್ನು ಒಂದು ಮೆಟ್ಟಿಲು ತಂಪಿನ ಕಡೆಗೆ ಸರಿಸಿ, ಕೈಲಾದರೆ ಇರಿಡಿಯಂ ಹಾಕಿದರೆ ಅದರ ಬೆಲೆ ಸಾರ್ಥಕವಾಗುತ್ತದೆ. ಮೂರು ಕಡ್ಡಿಗಳ ಪ್ಲಗ್ಗಿನಿಂದ ಮೂರು ಕಿಡಿ ಬರುತ್ತದೆ ಎಂಬುದು ತಪ್ಪು ಕಲ್ಪನೆ. ಒಂದು ಸಲಕ್ಕೆ ಒಂದೇ ಕಿಡಿ, ಆ ಹೊತ್ತಿಗೆ ಯಾವ ಕಡ್ಡಿ ಸುಲಭವೋ ಅದಕ್ಕೆ ಹಾರುತ್ತದೆ; ಆಯುಷ್ಯ ಹೆಚ್ಚೇ ಹೊರತು ನಮ್ಮ ಎಂಜಿನ್ನಿಗೆ ಬೇರೆ ಲಾಭವಿಲ್ಲ, ಗ್ಯಾಪ್ ಹೊಂದಿಸುವ ತಲೆನೋವು ಮಾತ್ರ ಮೂರು ಪಟ್ಟು.

ಕೊಂಡು ತಂದ ಪ್ಲಗ್ಗನ್ನು ಡಬ್ಬಿಯಿಂದ ತೆಗೆದು ಹಾಗೆಯೇ ತಿರುಗಿಸಿಬಿಡುವ ಅಭ್ಯಾಸ ನಮ್ಮಲ್ಲಿ ಬಹಳ. ಹೊಸ ಪ್ಲಗ್ಗುಗಳ ಗ್ಯಾಪ್ ಹೊಸ ಕಾಲದ ಇಗ್ನಿಷನ್‌ಗೆ ಹೊಂದುವಂತೆ 0.8ರಿಂದ 1.1 ಮಿಲಿಮೀಟರ್ ಇರಬಹುದು. ಪಾಯಿಂಟ್ ಸೆಟ್ಟಿನ ಅಂಬಾಸಿಡರ್ ಕೇಳುವುದು 0.025 ಇಂಚು, ಅಂದರೆ ಸುಮಾರು 0.63 ಮಿಲಿಮೀಟರ್. ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಇಟ್ಟು ಬಾಗಿದ ಕಡ್ಡಿಯನ್ನು ಮಾತ್ರ ಬಗ್ಗಿಸಬೇಕು, ನಡುವಿನದಕ್ಕೆ ಒತ್ತಡ ಬೀಳಬಾರದು, ಬಿದ್ದರೆ ಪಿಂಗಾಣಿ ಸೀಳುತ್ತದೆ. ಪಾಯಿಂಟಿನ ಗ್ಯಾಪ್ 0.015 ಇಂಚಿನಲ್ಲಿದೆಯೇ ಎಂಬುದನ್ನು ಅದೇ ಗೇಜಿನಿಂದ ನೋಡಿಕೊಳ್ಳಬಹುದು. ಹಳೆಯ ಗಾಡಿಯ ಬ್ಯಾಟರಿಯ ಅರ್ಥಿಂಗ್ (ಗಾಡಿಯ ಮೈಗೆ ಸೇರಿಸುವ ಬದಿ) ಪಾಸಿಟಿವ್‌ನಿಂದ ನೆಗೆಟಿವ್‌ಗೆ ಬದಲಿಸಿದವರು ಕಾಯಿಲ್‌ನ ಎರಡು ಸಣ್ಣ ವೈರುಗಳನ್ನೂ ಅದಲುಬದಲು ಮಾಡಿದ್ದಾರೆಯೇ ಎಂದು ಪರಿಶೀಲಿಸಬೇಕು. ಮಾಡಿರದಿದ್ದರೆ ಕಿಡಿ ತಣ್ಣನೆಯ ಕಡ್ಡಿಯಿಂದ ಬಿಸಿಯಾದ ನಡುವಿನ ಎಲೆಕ್ಟ್ರೋಡಿನ ಕಡೆಗೆ ಉಲ್ಟಾ ಹಾರಬೇಕಾಗುತ್ತದೆ, ಅದಕ್ಕೆ ಹೆಚ್ಚು ವೋಲ್ಟೇಜ್ ಬೇಕು. ಅತ್ಯುತ್ತಮ ಪ್ಲಗ್ ಹಾಕಿದರೂ ಬೆಳಗ್ಗೆ ಚಾಲೂ ಆಗಲು ಗಾಡಿ ಮೊಂಡು ಹಿಡಿಯುತ್ತದೆ.

ಬಿಚ್ಚುವ ಮೊದಲು ಪ್ಲಗ್ಗಿನ ಸುತ್ತಲಿನ ಕುಳಿಯಿಂದ ಧೂಳನ್ನು ಊದಿ ತೆಗೆಯುವುದನ್ನು ನಮ್ಮ ಕಡೆ ಮರೆಯಬಾರದು. ಶಹಾಬಾದ್, ವಾಡಿ, ಸೇಡಂಗಳ ಕಲ್ಲುಗಣಿ ಮತ್ತು ಸಿಮೆಂಟಿನ ದಾರಿಗಳಲ್ಲಿ ಓಡಿದ ಗಾಡಿಯ ಹೆಡ್ಡಿನ ಮೇಲೆ ಬೆರಳಿನಲ್ಲಿ ಹೆಸರು ಬರೆಯುವಷ್ಟು ಧೂಳು ಕೂತಿರುತ್ತದೆ, ಅದು ಸಿಲಿಂಡರಿನೊಳಗೆ ಬಿದ್ದರೆ ಅರದಂತೆ ಕೆಲಸ ಮಾಡುತ್ತದೆ. ಇದೇ ಕಾರಣಕ್ಕೆ, ಮರಳು ಚಿಮ್ಮಿಸಿ ಪ್ಲಗ್ ತೊಳೆಯುವ ಯಂತ್ರವನ್ನು ನಾನು ನಂಬುವುದಿಲ್ಲ. ಪಿಂಗಾಣಿಯ ಸಂದಿನಲ್ಲಿ ಉಳಿದ ನಾಲ್ಕು ಕಣ ಸಾಕು. ಹೊಸ ಪ್ಲಗ್ಗನ್ನು ಕೈಯಿಂದಲೇ ಕೊನೆಯವರೆಗೆ ತಿರುಗಿಸಿ, ವಾಷರ್ ತಾಗಿದ ಮೇಲೆ ಪಾನಾದಿಂದ ಅರ್ಧ ಸುತ್ತು, ಹೆಚ್ಚೆಂದರೆ ಮೂರನೇ ಎರಡು ಸುತ್ತು ಬಿಗಿದರೆ ಆಯಿತು. ಒಮ್ಮೆ ಬಳಸಿದ ಪ್ಲಗ್ಗಿನ ವಾಷರ್ ಆಗಲೇ ಚಪ್ಪಟೆಯಾಗಿರುವುದರಿಂದ ಹನ್ನೆರಡನೇ ಒಂದು ಸುತ್ತು, ಅಂದರೆ ಗಡಿಯಾರದ ಮುಳ್ಳು ಒಂದು ಗಂಟೆಯಿಂದ ಇನ್ನೊಂದಕ್ಕೆ ಸರಿಯುವಷ್ಟು ಸಾಕು. ಬಿಚ್ಚಿದ ಹಳೆಯ ನಾಲ್ಕನ್ನು ಶುಚಿ ಮಾಡಿ, ಗ್ಯಾಪ್ ಹೊಂದಿಸಿ, ಕಾಗದದಲ್ಲಿ ಸುತ್ತಿ, ಪ್ಲಗ್ ಪಾನಾದ ಜೊತೆಗೆ ಡಿಕ್ಕಿಯಲ್ಲಿ ಇಟ್ಟುಕೊಂಡರೆ, ರಾತ್ರಿ ಹೊತ್ತಿನಲ್ಲಿ ಹುಮನಾಬಾದಿನ ಆಚೆ ಒಂದು ಸಿಲಿಂಡರ್ ಸುಮ್ಮನಾದಾಗ ಅಂಗಡಿ ತೆರೆಯುವವರೆಗೆ ಕಾಯಬೇಕಾಗುವುದಿಲ್ಲ.